ಓದುಗರ ಪ್ರಶ್ನೆ: 47 ಹಡಗು ಮುಳುಗಿಸಿದ ಕ್ಯಾಪ್ಟನ್ನು, ವಾಪಸ್ ಕೆಳಗಿಳಿದ ಇಂಜಿನಿಯರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸಬ್‌ಮರೀನ್ ಬಗ್ಗೆನೇ ಇವೆ. ಹಿಂದಿನ ಸಂಚಿಕೆಲಿ ನಾನು ನೇವಿಲಿ ಹದಿನೈದು ವರ್ಷ ಇಂಜಿನ್ ರೂಮಲ್ಲಿ ಕೆಲಸ ಮಾಡಿದ್ದು ಬರ್ಕೊಂಡಿದ್ದೆ, ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಕ್ಯಾಪ್ಟನ್ ಒಟ್ಟೊ ಕ್ರೆಚ್ಮರ್ ಹೆಸರು ಒಂದೇ ಒಂದು ಸಾಲಲ್ಲಿ ಬಂದು ಹೋಗಿತ್ತು, ಆ ಒಂದು ಸಾಲೇ ಇಷ್ಟೆಲ್ಲ ಪತ್ರ ತಂದಿದೆ. ಸಮುದ್ರ ಅಂದ್ರೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಗೂ ದೂರದ ಮಾತು, ಕೆರೆ ತುಂಬಿದ್ರೇ ಹಬ್ಬ ಮಾಡೋ ಊರುಗಳು ನಮ್ಮವು, ಆದ್ರೂ ಇಷ್ಟು ಆಸಕ್ತಿಯಿಂದ ಕೇಳಿದೀರಿ. ಇವತ್ತು ಬೇರೆ ಪ್ರಶ್ನೆ ಎಲ್ಲ ಬದಿಗಿಟ್ಟು ಇದೊಂದನ್ನೇ ತಗೊಂಡಿದೀನಿ. ನಾನಿದ್ದದ್ದು ಮೇಲಿನ ಹಡಗಲ್ಲಿ, ಸಬ್‌ಮರೀನಲ್ಲಿ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಪ್ರಶ್ನೆ: ಕ್ರೆಚ್ಮರ್ ಒಬ್ಬನೇ 47 ಹಡಗು ಮುಳುಗಿಸಿದ ಅಂತ ಬರೆದಿದ್ರಿ. ಯುದ್ಧ ನಡೆದದ್ದು ಆರು ವರ್ಷ, ಅವನು ಒಂದೂವರೆ ವರ್ಷಕ್ಕೇ ಸಿಕ್ಕಿಬಿದ್ದ ಅಂತಾನೂ ನೀವೇ ಬರೆದಿದೀರಿ. ಲೆಕ್ಕ ಕೂಡ್ತಾ ಇಲ್ಲ. ಉತ್ಪ್ರೇಕ್ಷೆ ಅಲ್ವಾ?
(ನಿವೃತ್ತ ಹೆಡ್‌ಮಾಸ್ಟರ್, ಗುಬ್ಬಿ)

ಮೇಷ್ಟ್ರೇ, ಲೆಕ್ಕ ಸರಿಯಾಗೇ ಇದೆ. ಯುದ್ಧ ಶುರುವಾದದ್ದು 1939ರ ಸೆಪ್ಟೆಂಬರ್, ಅವನು ಸಿಕ್ಕಿಬಿದ್ದದ್ದು 1941ರ ಮಾರ್ಚ್ 17. ಅಷ್ಟರೊಳಗೆ ಸುಮಾರು 2 ಲಕ್ಷ 70 ಸಾವಿರ ಟನ್ ಹಡಗು ಅವನ ಲೆಕ್ಕಕ್ಕೆ ಸೇರಿತ್ತು, ಆಮೇಲೆ ನಾಲ್ಕು ವರ್ಷ ಯುದ್ಧ ನಡೆದ್ರೂ ಬೇರೆ ಯಾವ ಸಬ್‌ಮರೀನ್ ಕ್ಯಾಪ್ಟನ್ನೂ ಅದನ್ನ ದಾಟಲಿಲ್ಲ. ಹೇಗಾಯ್ತು ಅನ್ನೋದು ಗೊತ್ತಾಗ್ಬೇಕಾದ್ರೆ ಆ ಕಾಲದ ಸಬ್‌ಮರೀನ್ ಏನು ಅಂತ ಮೊದಲು ಗೊತ್ತಾಗ್ಬೇಕು.

ನಾವೆಲ್ಲ ಅನ್ಕೊಂಡಿರೋದು ಸಬ್‌ಮರೀನ್ ಅಂದ್ರೆ ಸದಾ ನೀರೊಳಗೇ ಇರುತ್ತೆ ಅಂತ. ಆಗ ಹಾಗಿರಲಿಲ್ಲ. ಅದು ನೀರಿನ ಮೇಲೆ ಓಡೋ ದೋಣಿ, ಬೇಕಾದಾಗ ಮುಳುಗೋಕೆ ಆಗೋ ದೋಣಿ, ಅಷ್ಟೇ. ಮೇಲಿದ್ದಾಗ ಡೀಸೆಲ್ ಇಂಜಿನ್ ಓಡ್ತಿತ್ತು, ಅದಕ್ಕೆ ಗಾಳಿ ಬೇಕು, ಆ ಇಂಜಿನ್ನೇ ಬ್ಯಾಟರಿನೂ ಚಾರ್ಜ್ ಮಾಡ್ತಿತ್ತು. ಮುಳುಗಿದ ಮೇಲೆ ಇಂಜಿನ್ ಆಫ್, ಬರೀ ಬ್ಯಾಟರಿ. ಕ್ರೆಚ್ಮರನ ಯು-99 ಮೇಲಿದ್ದಾಗ 17 ನಾಟ್ ಮೇಲೆ ಹೋಗ್ತಿತ್ತು, ಅಂದ್ರೆ ಗಂಟೆಗೆ 32 ಕಿಲೋಮೀಟರ್ ಹತ್ರ, ಮುಳುಗಿದ್ರೆ ಎಷ್ಟು ತಿಣುಕಿದ್ರೂ 8 ನಾಟ್, ಅದೂ ಸ್ವಲ್ಪ ಹೊತ್ತು, ಆಮೇಲೆ ಬ್ಯಾಟರಿ ಡೌನ್. ಸಾಮಾನು ಹಡಗುಗಳ ಗುಂಪು, ಕಾನ್ವಾಯ್ ಅಂತಾರೆ ಅದಕ್ಕೆ, ಅದೇ 7-8 ನಾಟಲ್ಲಿ ಹೋಗ್ತಿರುತ್ತೆ, ಮುಳುಗಿಕೊಂಡು ಅಟ್ಟಿಸಿಕೊಂಡು ಹೋದ್ರೆ ಸಿಗೋದೇ ಇಲ್ಲ.

ಇನ್ನೊಂದು ವಿಷ್ಯ. ಇಂಗ್ಲೆಂಡಿನವರ ಹತ್ರ ಆಸ್‌ಡಿಕ್ ಅಂತ ಒಂದು ಯಂತ್ರ ಇತ್ತು, ನೀರೊಳಗೆ ಶಬ್ದ ಕಳಿಸಿ ವಾಪಸ್ ಬರೋ ಪ್ರತಿಧ್ವನಿ ಕೇಳಿ ಸಬ್‌ಮರೀನ್ ಎಲ್ಲಿದೆ ಅಂತ ಹೇಳೋದು, ಬಾವಿಗೆ ತಲೆ ಬಗ್ಗಿಸಿ ಕೂಗಿದ್ರೆ ತಿರುಗಿ ಕೇಳಿಸುತ್ತಲ್ಲ ಹಂಗೆ. ಮುಳುಗಿರೋದು ಅದಕ್ಕೆ ಸಿಗ್ತಿತ್ತು, ಮೇಲೆ ತೇಲ್ತಿರೋದು ಸಿಗ್ತಿರಲಿಲ್ಲ. ಹಾಗಾಗಿ ಕ್ರೆಚ್ಮರ್ ಮುಳುಗೋದನ್ನೇ ಬಿಟ್ಟ. ಕತ್ತಲಾದ ಮೇಲೆ ನೀರಿನ ಮೇಲೇ ಬಂದು, ಕಾವಲು ಹಡಗುಗಳ ಸಂದಿಲಿ ನುಗ್ಗಿ, ಕಾನ್ವಾಯ್ ಸಾಲುಗಳ ನಡುವೆನೇ ಸೇರ್ಕೊಂಡು, ತಾನೂ ಆ ಗುಂಪಿನ ಒಂದು ಹಡಗೋ ಅನ್ನೋ ಹಾಗೆ ಅವರ ಜೊತೆಗೇ ಹೋಗ್ತಾ ಹತ್ತಿರದಿಂದ ಹೊಡೀತಿದ್ದ. ಬೇರೆಯವರು ದೂರದಲ್ಲಿ ನಿಂತು ಮೂರು-ನಾಲ್ಕು ಟಾರ್ಪೆಡೊ, ಅಂದ್ರೆ ನೀರೊಳಗೆ ಓಡಿ ಹಡಗಿಗೆ ಬಡಿದು ಸಿಡಿಯೋ ಬಾಂಬು, ಒಟ್ಟಿಗೆ ಬಿಟ್ಟು ಒಂದಾದ್ರೂ ತಗಲ್ಲಿ ಅಂತಿದ್ರು. ಇವನ ಪಾಲಿಸಿ ಒಂದು ಟಾರ್ಪೆಡೊ, ಒಂದು ಹಡಗು. ಒಳಗೆ ಇರೋದೇ ಹದಿನಾಲ್ಕು ಟಾರ್ಪೆಡೊ ಮೇಷ್ಟ್ರೇ, ನಾಲ್ಕು ನಾಲ್ಕು ಬಿಟ್ರೆ ಎಷ್ಟು ಸಲ ಬಿಡೋಕಾಗುತ್ತೆ?

1940ರ ಅಕ್ಟೋಬರಲ್ಲಿ ಎಸ್‌ಸಿ-7 ಅನ್ನೋ ಕಾನ್ವಾಯ್ ಕೆನಡಾದಿಂದ ಹೊರಟಿತ್ತು, 35 ಹಡಗು, ಅದರಲ್ಲಿ 20 ಹೋಯ್ತು. ಹಲವು ಸಬ್‌ಮರೀನ್ ಸೇರಿ ಹೊಡೆದದ್ದು ಅದು, 18ರ ರಾತ್ರಿಯಿಂದ ಬೆಳಗಾಗೋ ಅಷ್ಟರಲ್ಲಿ ಯು-99 ಒಂದೇ ಆರು ಮುಳುಗಿಸ್ತು. ನವೆಂಬರಲ್ಲಿ ಲಾರೆಂಟಿಕ್ ಮತ್ತೆ ಪೆಟ್ರೋಕ್ಲಸ್ ಅಂತ ತೋಪು ಕೂರಿಸಿದ್ದ ಎರಡು ದೊಡ್ಡ ಹಡಗು ಒಂದೇ ರಾತ್ರಿ, ಡಿಸೆಂಬರಲ್ಲಿ ಫಾರ್ಫರ್. ಈ ಮೂರೂ ಪ್ಯಾಸೆಂಜರ್ ಹಡಗುಗಳಾಗಿದ್ದು ಯುದ್ಧಕ್ಕೆ ಮಾರ್ಪಾಡು ಮಾಡಿದ್ದವು, ಟನ್ ಲೆಕ್ಕ ಏರಿದ್ದು ಇಂಥವುಗಳಿಂದ. ಪೆಟ್ರೋಕ್ಲಸ್ ಅಲ್ಲಿಗೆ ಬಂದದ್ದು ಲಾರೆಂಟಿಕಿನವರನ್ನ ನೀರಿಂದ ಎತ್ತಿಕೊಳ್ಳೋಕೆ. ಎತ್ತಿಕೊಳ್ತಾ ನಿಂತಾಗಲೇ ಹೊಡೆತ ಬಿತ್ತು. ಇದನ್ನ ಬರಿಯೋವಾಗ ನನಗೆ ಕೈ ಸ್ವಲ್ಪ ನಿಧಾನ ಆಯ್ತು, ನಿಂತಿರೋ ಹಡಗಿನ ಇಂಜಿನ್ ರೂಮಲ್ಲಿ ಇರೋನಿಗೆ ಮೇಲೆ ಏನಾಗ್ತಿದೆ ಅಂತ ಏನೂ ಕಾಣಿಸಲ್ಲ, ಬೆಲ್ ಹೊಡೆಯೋ ತನಕ ಕಾಯ್ತಾ ನಿಂತಿರಬೇಕು ಅಷ್ಟೇ.

ಯು-99ಕ್ಕೂ ಮುಂಚೆ ಯು-23 ಅನ್ನೋ ಪುಟ್ಟ ಸಬ್‌ಮರೀನ್ ಅವನ ಕೈಲಿತ್ತು. 1940ರ ಫೆಬ್ರವರಿ 18ಕ್ಕೆ ಡೇರಿಂಗ್ ಅನ್ನೋ ಬ್ರಿಟಿಷ್ ಡೆಸ್ಟ್ರಾಯರ್ (ವೇಗದ ಯುದ್ಧ ಹಡಗು) ಮುಳುಗಿಸಿದ್ದು ಅದರಲ್ಲೇ. ಅವತ್ತು 157 ಜನ ಸತ್ತರು, ಬದುಕಿದ್ದು ಐದೇ ಜನ. ಮಿತಭಾಷಿ ಅವನು, ರೇಡಿಯೋಲಿ ಹೆಚ್ಚು ಮಾತಾಡ್ತಿರಲಿಲ್ಲ, ಸೈಲೆಂಟ್ ಒಟ್ಟೊ ಅಂತ ಕರೀತಿದ್ರು. ಮಾತು ಕಡಿಮೆ ಮಾಡಿದ್ದೂ ಅವನನ್ನ ಉಳಿಸಿರಬೇಕು ಅನ್ನೋದು ನನ್ನ ಅಭಿಪ್ರಾಯ, ರೇಡಿಯೋ ಸಿಗ್ನಲ್ ಹಿಡಿದು ಜಾಗ ಪತ್ತೆ ಮಾಡೋದು ಆಗಲೇ ಇತ್ತು.

ಪ್ರಶ್ನೆ: ನಮ್ ಕಡೆ ಬೋರ್‌ವೆಲ್ 1,400 ಅಡಿ ಕೊರೆಸಿದ್ರೂ ನೀರು ಸಿಗೋದು ಗ್ಯಾರಂಟಿ ಇಲ್ಲ. ಅಷ್ಟು ಆಳಕ್ಕೆ ಮೋಟ್ರು ಬಿಟ್ರೂ ಏನೂ ಆಗಲ್ಲ. ಸಬ್‌ಮರೀನ್ 700 ಅಡಿಗೆ ಹೋದ್ರೆ ನಜ್ಜುಗುಜ್ಜಾಗುತ್ತೆ ಅಂತಾರೆ, ಯಾಕೆ?
(ಟೊಮೆಟೊ ಬೆಳೆಗಾರ, ಚಿಂತಾಮಣಿ ತಾಲೂಕು)

ಅಣ್ಣ, ಬಹಳ ಒಳ್ಳೆ ಪ್ರಶ್ನೆ, ಇಂಜಿನಿಯರಿಂಗ್ ಹುಡುಗ್ರೂ ಇದನ್ನ ಕೇಳಲ್ಲ. ಆಳ ಮಾತ್ರ ನೋಡಬಾರದು, ಮೇಲೆ ಎಷ್ಟು ನೀರು ನಿಂತಿದೆ ಅಂತ ನೋಡ್ಬೇಕು. ನಿಮ್ಮ 1,400 ಅಡಿ ಬೋರಲ್ಲಿ ಮೋಟ್ರು ಮೇಲೆ ನಿಂತಿರೋ ನೀರು ಎಷ್ಟು ಅಡಿ? ಅದು ನಿಮಗೇ ಚೆನ್ನಾಗಿ ಗೊತ್ತು, ಆ ನೋವನ್ನ ನಾನು ಇಲ್ಲಿ ಬಿಡಿಸಿ ಹೇಳೋದು ಬೇಡ. ಅದೂ ಅಲ್ದೆ ನಮ್ಮ ಬೋರ್ ಮೋಟ್ರು ಒಳಗೇ ನೀರು ತುಂಬಿ ಬಿಟ್ಟಿರ್ತಾರೆ, ಒಳಗೂ ನೀರು ಹೊರಗೂ ನೀರು, ಎರಡೂ ಕಡೆ ಒತ್ತಡ ಸಮ, ನಜ್ಜೋದಕ್ಕೆ ಕಾರಣವೇ ಇಲ್ಲ.

ಸಬ್‌ಮರೀನ್ ಒಳಗಿರೋದು ಮನುಷ್ಯರು ಉಸಿರಾಡೋ ಗಾಳಿ, ಮಾಮೂಲಿ ಒತ್ತಡದ್ದು. ಹೊರಗೆ ಪ್ರತಿ ಹತ್ತು ಮೀಟರಿಗೆ ಒಂದೊಂದು ವಾತಾವರಣದಷ್ಟು ಒತ್ತಡ ಏರ್ತಾ ಹೋಗುತ್ತೆ. 700 ಅಡಿ ಅಂದ್ರೆ 213 ಮೀಟರ್, ಒಂದು ಚದರ ಸೆಂಟಿಮೀಟರ್ ಮೇಲೆ 21 ಕೆಜಿಗೂ ಹೆಚ್ಚು. ನಿಮ್ಮ ಅಂಗೈ ಅಗಲದ ಜಾಗ ತಗೊಳ್ಳಿ, ಅದರ ಮೇಲೆ ಎರಡು ಟನ್. ಎರಡು ಟನ್ ಅಂದ್ರೆ ಟೊಮೆಟೊ 15 ಕೆಜಿ ಬಾಕ್ಸಲ್ಲಿ ನೂರಮೂವತ್ತು ಬಾಕ್ಸ್ ಮೇಲಾಗುತ್ತೆ, ಅಷ್ಟೂ ನಿಮ್ಮ ಒಂದು ಅಂಗೈ ಮೇಲೆ. ಆ 66 ಮೀಟರ್ ಉದ್ದದ ಕಬ್ಬಿಣದ ಮೈಯಲ್ಲಿ ಇಂಥ ಅಂಗೈ ಎಷ್ಟು ಸಾವಿರ ಅಂತ ಯೋಚನೆ ಮಾಡಿ. ಎಲ್ಲೋ ಒಂದು ವಾಲ್ವಿನ ಗ್ಯಾಸ್ಕೆಟ್ ಸೋತ್ರೆ ನೀರು ಸೋರಲ್ಲ, ಕತ್ತಿ ಹಾಗೆ ಚಿಮ್ಮುತ್ತೆ. ಯು-99 ಒಂದು ಸಲ ಆ ಆಳಕ್ಕೆ ಹೋಗಿ ವಾಪಸ್ ಮೇಲೆ ಬಂತು, ಕಟ್ಟಿದವರು ಭರವಸೆ ಕೊಟ್ಟಿದ್ದ ಆಳಕ್ಕಿಂತ ತುಂಬಾನೇ ಕೆಳಗೆ ಅದು. ಆ ಕಥೆ ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ನಮ್ಮಪ್ಪ ಚಾಂಪಿಯನ್ ರೀಫಲ್ಲಿ ಕೆಲಸ ಮಾಡಿದ್ರು. ಗಣಿ ವಿಷಯ ಬಂದಾಗೆಲ್ಲ ಮ್ಯಾನೇಜರ್ ಹೆಸರು ಹೇಳ್ತಾರೆ, ಕೇಜಲ್ಲಿ ಕೆಳಗಿಳಿದವರ ಹೆಸರು ಯಾರೂ ಹೇಳಲ್ಲ. ಆ ಕ್ಯಾಪ್ಟನ್ ಸಿಕ್ಕಿಬಿದ್ದ ದಿನ ಒಳಗಿದ್ದವರಿಗೆ ಏನಾಯ್ತು?
(ಕೆಜಿಎಫ್‌ನ ಓದುಗರು)

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಈ ಸಲದ ಅಂಕಣದಲ್ಲಿ ನನಗೆ ಹೇಳ್ಲೇಬೇಕು ಅನ್ಸಿದ್ದು ಇದೊಂದೇ, ಅದನ್ನ ನೀವೇ ಕೇಳಿಬಿಟ್ರಿ.

1941ರ ಮಾರ್ಚ್ 16ರ ರಾತ್ರಿ. ಎಚ್‌ಎಕ್ಸ್-112 ಅನ್ನೋ ಕಾನ್ವಾಯ್. ಕ್ರೆಚ್ಮರ್ ಎಂದಿನ ಹಾಗೆ ಸಾಲುಗಳ ನಡುವೆ ನುಗ್ಗಿ ಆರು ಹಡಗಿಗೆ ಹೊಡೆದ, ಐದು ಮುಳುಗಿತು. ಟಾರ್ಪೆಡೊ ಎಲ್ಲ ಖಾಲಿ. ಇನ್ನೇನು ಕೆಲಸ ಮುಗೀತು, ಊರ ದಾರಿ ಹಿಡಿಯೋದು ಅಂತ ಹೊರಟಾಗಿದೆ, ಕ್ರೆಚ್ಮರ್ ಮೇಲಿಂದ ಇಳಿದು ಕೆಳಗೆ ಬಂದಿದ್ದಾನೆ. ಅದೇ ಹೊತ್ತಿಗೆ ಪಕ್ಕದಲ್ಲೇ ಯು-100 ಅನ್ನೋ ಇನ್ನೊಂದು ಸಬ್‌ಮರೀನ್ ಡೆಪ್ತ್ ಚಾರ್ಜ್, ಅಂದ್ರೆ ಹಡಗಿಂದ ಎಸೆದ್ರೆ ನೀರೊಳಗೆ ಇಳಿದು ಸಿಡಿಯೋ ಬಾಂಬು, ಅದರ ಹೊಡೆತ ತಿಂದು ಮೇಲೆದ್ದಿದೆ, ವಾನಕ್ ಅನ್ನೋ ಡೆಸ್ಟ್ರಾಯರಿನಲ್ಲಿ ಹೊಸದಾಗಿ ರಾಡಾರ್ ಕೂರಿಸಿದ್ರು, ಕತ್ತಲಲ್ಲೇ ಕಂಡುಹಿಡಿದು ನೇರ ಹೋಗಿ ಗುದ್ದಿಬಿಡ್ತು. ಯು-100ರಲ್ಲಿ 38 ಜನ ಹೋದ್ರು, ಕ್ಯಾಪ್ಟನ್ ಶೆಪ್ಕೆನೂ ಹೋದ, ಆರು ಜನ ಉಳಿದ್ರು. ಕತ್ತಲೇ ರಕ್ಷಣೆ ಅಂತ ಕ್ರೆಚ್ಮರ್ ನಂಬಿಕೊಂಡಿದ್ದ ಆಟ ಆ ರಾತ್ರಿಗೆ ಮುಗೀತು ಅಂತಾನೇ ಹೇಳ್ಬೇಕು, ಅದು ಅವನಿಗಿನ್ನೂ ಗೊತ್ತಿರಲಿಲ್ಲ.

ಯು-99ರ ಮೇಲೆ ಕಾವಲಿದ್ದ ಆಫೀಸರಿಗೆ ಹತ್ತಿರದಲ್ಲೇ ಡೆಸ್ಟ್ರಾಯರ್ ಕಾಣಿಸ್ತು, ಗಾಬರಿಲಿ ಮುಳುಗಿಸು ಅಂತ ಆರ್ಡರ್ ಕೊಟ್ಟ. ಮೇಲೇ ಇದ್ದು ಕತ್ತಲಲ್ಲಿ ಜಾರಿಕೊಂಡಿದ್ರೆ ಬಚಾವಾಗ್ತಿದ್ರೇನೋ. ಮುಳುಗಿದ ಕೂಡ್ಲೇ ವಾಕರ್ ಅನ್ನೋ ಡೆಸ್ಟ್ರಾಯರಿನ ಆಸ್‌ಡಿಕ್‌ಗೆ ಸಿಕ್ಕಿತು. ಡೆಪ್ತ್ ಚಾರ್ಜ್ ಬಿದ್ವು. ಲೈಟ್ ಹೋಯ್ತು, ಎಣ್ಣೆ ಟ್ಯಾಂಕ್ ಒಡೀತು, ನೀರು ನುಗ್ತು, ಪ್ರೊಪೆಲ್ಲರ್ ಕೆಲಸ ಮಾಡ್ತಿಲ್ಲ, ಸಬ್‌ಮರೀನ್ ಸುಮ್ಮನೆ ಕಲ್ಲಿನ ಹಾಗೆ ಇಳೀತಾ ಇದೆ, 700 ಅಡಿ ತನಕ. ನಿಮ್ಮಪ್ಪನವರು ರಾಕ್ ಬರ್ಸ್ಟ್ ಶಬ್ದ ಹೇಳಿರಬೇಕು ನಿಮಗೆ, ಕಲ್ಲು ತಾನೇ ತಾನಾಗಿ ಸಿಡಿಯೋದು, ಅದಕ್ಕಿಂತ ಮುಂಚೆ ಬರೋ ಕಿರಕಿರ ಸದ್ದು. ಕಬ್ಬಿಣವೂ ಹಾಗೇ ಸದ್ದು ಮಾಡುತ್ತೆ ಆ ಆಳದಲ್ಲಿ. ಉಳಿದಿದ್ದ ಒತ್ತಿದ ಗಾಳಿನೆಲ್ಲ ಟ್ಯಾಂಕಿಗೆ ಬಿಟ್ಟು ಹೇಗೋ ಮೇಲೆ ಬಂದ್ರು. ಮೇಲೆ ಬಂದ್ರೆ ಸುತ್ತ ಗುಂಡು.

ಕ್ರೆಚ್ಮರ್ ತಪ್ಪಿಸಿಕೊಳ್ಳೋ ಯೋಚನೆ ಬಿಟ್ಟು ಲ್ಯಾಂಪ್ ಸಿಗ್ನಲಲ್ಲಿ ವಾಕರಿಗೆ ಹೇಳಿದ, ನಾವು ಮುಳುಗ್ತಾ ಇದೀವಿ, ನನ್ನ ಜನ ನೀರಲ್ಲಿದ್ದಾರೆ, ದಯವಿಟ್ಟು ಎತ್ತಿಕೊಳ್ಳಿ ಅಂತ. ಆದ್ರೆ ಸಬ್‌ಮರೀನ್ ಮುಳುಗ್ತಾ ಇಲ್ಲ, ವಾಲಿಕೊಂಡು ನಿಂತಿದೆ. ಹಾಗೇ ಬಿಟ್ರೆ ಬ್ರಿಟಿಷರು ಹತ್ತಿಬಿಡ್ತಾರೆ. ಆಗ ಚೀಫ್ ಇಂಜಿನಿಯರ್ ಗಾಟ್‌ಫ್ರೀಡ್ ಶ್ರೋಡರ್ ಟ್ಯಾಂಕಿನ ವೆಂಟ್, ಅಂದ್ರೆ ಗಾಳಿ ಹೊರಗೆ ಬಿಡೋ ಕಿಂಡಿ, ತೆಗೆಯೋಕೆ ಅಂತ ವಾಪಸ್ ಕೆಳಗಿಳಿದ. ಮೇಲೆ ಬಂದು ಗಾಳಿ ಕುಡಿದಿದ್ದೋನು, ಮತ್ತೆ ಆ ಕತ್ತಲಿಗೆ. ವೆಂಟ್ ತೆಗೆದ. ಸಬ್‌ಮರೀನ್ ಥಟ್ಟನೆ ಹೋಯ್ತು, ಅವನೂ ಅದರ ಜೊತೆಗೇ ಹೋದ. 43 ಜನರಲ್ಲಿ 40 ಜನ ವಾಕರ್ ಹಡಗಿನ ಪಕ್ಕಕ್ಕೆ ಇಳಿಬಿಟ್ಟಿದ್ದ ಬಲೆ ಹಿಡಿದು ಹತ್ತಿದ್ರು, ಮೂರು ಜನ ಹೋದ್ರು. ಕೊನೆಗೆ ಹತ್ತಿದ್ದು ಕ್ರೆಚ್ಮರ್.

ಎಲ್ಲಾ ಕಡೆ 47 ಹಡಗಿನ ಲೆಕ್ಕ ಬರುತ್ತೆ, ಕ್ಯಾಪ್ಟನ್ ಫೋಟೋ ಬರುತ್ತೆ, ಪದಕ ಬರುತ್ತೆ. ಇಂಜಿನ್ ರೂಮಲ್ಲಿ ಹದಿನೈದು ವರ್ಷ ಇದ್ದೋನು ನಾನು, ನನಗೆ ಆ ರಾತ್ರಿ ಅಂದ್ರೆ ಶ್ರೋಡರ್. ಅವನು ಕೆಲಸ ಮಾಡಿದ್ದು ತಪ್ಪು ಸರ್ಕಾರಕ್ಕೆ, ಅದರಲ್ಲಿ ನನಗೆ ಅನುಮಾನ ಇಲ್ಲ, ಆದ್ರೆ ಆ ಏಣಿ ಇಳಿಯೋದು ಏನು ಅಂತ ನನಗೆ ಗೊತ್ತು.

ಇನ್ನೊಂದು ಮಾತು ನಿಮಗೆ. ನಮ್ಮ ನೇವಿಯ ಕುರ್ಸುರಾ ಅನ್ನೋ ಸಬ್‌ಮರೀನ್ 31 ವರ್ಷ ಕೆಲಸ ಮಾಡಿ 2001ರ ಫೆಬ್ರವರಿ ಕೊನೆಗೆ ರಿಟೈರ್ ಆಯ್ತು. ನಿಮ್ಮ ಗಣಿ ಬಾಗಿಲು ಹಾಕಿದ್ದೂ ಅದೇ ಫೆಬ್ರವರಿ ಕೊನೆಗೆ. ಕುರ್ಸುರಾನ ವಿಶಾಖಪಟ್ಟಣದ ಬೀಚಲ್ಲಿ ದಡಕ್ಕೆ ಎಳೆದು ಮ್ಯೂಸಿಯಂ ಮಾಡಿದ್ರು, ಜನ ಟಿಕೆಟ್ ತಗೊಂಡು ಒಳಗೆ ಹೋಗಿ ನೋಡ್ತಾರೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಅಲ್ಲಿ ದುಡಿದವರದ್ದೂ ಜನ ಹೋಗಿ ನೋಡೋ ಹಾಗೆ ಆಗ್ಬೇಕು ಅನ್ನೋದು ನನ್ನ ಆಸೆ.

ಪ್ರಶ್ನೆ: ಯು-99 ಮೇಲೆ ಕುದುರೆ ಲಾಳ ಇತ್ತಂತೆ ಹೌದಾ? ಜರ್ಮನಿಲೂ ಲಾಳ ನಂಬ್ತಾರಾ?
(ತಿಪಟೂರಿನ ಓದುಗರು)

ಹೌದು. 1940ರಲ್ಲಿ ಸಬ್‌ಮರೀನ್ ಹೊಸದಾಗಿದ್ದಾಗ ಲಂಗರು ಎತ್ತಿದ್ರೆ ಅದಕ್ಕೆ ಲಾಳ ಸಿಕ್ಕಿಕೊಂಡು ಮೇಲೆ ಬಂತಂತೆ, ಶುಭ ಅಂತ ಚಿನ್ನದ ಬಣ್ಣ ಬಳಿದು ಮೇಲಿನ ಗೋಪುರಕ್ಕೆ ಹೊಡೆದ್ರು. ನಮ್ಮ ಕಡೆ ಹಳೆ ಮನೆಗಳಲ್ಲಿ ಹೊಸ್ತಿಲಿಗೆ ಹೊಡೀತಾರಲ್ಲ, ಅದೇ ನಂಬಿಕೆ. ಸಿದ್ಧಗಂಗೆ ದನಗಳ ಜಾತ್ರೆಲಿ ಎತ್ತಿಗೆ ಲಾಳ ಕಟ್ಟೋದು ನೋಡ್ತಾ ಬೆಳೆದೋನು ನಾನು, ಹಾಗಾಗಿ ಈ ಕಥೆ ಮೊದಲ ಸಲ ಓದಿದಾಗಲೇ ಮನಸ್ಸಿಗೆ ಹತ್ತಿರ ಆಯ್ತು. ವಿಚಿತ್ರ ಏನಂದ್ರೆ ಅವರನ್ನ ಹಿಡಿದ ವಾಕರ್ ಹಡಗಿನ ಲಾಂಛನದಲ್ಲೂ ಲಾಳ ಇತ್ತು. ಆದ್ರೆ ಅದರ ತುದಿ ಮೇಲ್ಮುಖ, ಯು-99ದು ಕೆಳಮುಖ. ಇಂಗ್ಲೆಂಡಲ್ಲಿ ಕೆಳಮುಖ ಮಾಡಿದ್ರೆ ಅದೃಷ್ಟ ಸುರಿದು ಹೋಗುತ್ತೆ ಅಂತ ನಂಬಿಕೆಯಂತೆ, ವಾಕರಿನ ಇಂಜಿನಿಯರ್ ಅದನ್ನ ಕ್ರೆಚ್ಮರಿಗೆ ಹೇಳಿದ ಅಂತ ಕಥೆ ಉಳ್ಕೊಂಡಿದೆ.

ಅದೇ ವಾಕರಲ್ಲಿ ಅದೇ ರಾತ್ರಿ ಕ್ರೆಚ್ಮರ್ ಮುಳುಗಿಸಿದ್ದ ಜೆ.ಬಿ. ವೈಟ್ ಹಡಗಿನವರೂ ಇದ್ರು, ಅವರನ್ನೂ ನೀರಿಂದ ಎತ್ತಿ ಹತ್ತಿಸಿಕೊಂಡಿದ್ರು. ಮುಳುಗಿಸಿದವನು, ಮುಳುಗಿದವರು, ಇಬ್ಬರೂ ಒಂದೇ ಹಡಗಲ್ಲಿ ಇಂಗ್ಲೆಂಡ್ ದಡಕ್ಕೆ ಹೋದ್ರು. ವಾಕರಿನ ಕ್ಯಾಪ್ಟನ್ ಡೊನಾಲ್ಡ್ ಮ್ಯಾಕಿಂಟೈರ್ ಕ್ರೆಚ್ಮರನ ಕೊರಳಲ್ಲಿದ್ದ ಬೈನಾಕ್ಯುಲರ್ ಇಸ್ಕೊಂಡು ಯುದ್ಧ ಮುಗಿಯೋ ತನಕ ತಾನೇ ಬಳಸಿದ, ಯುದ್ಧ ಮುಗಿದು ವರ್ಷಗಳಾದ ಮೇಲೆ ವಾಪಸ್ ಅವನ ಕೈಗೇ ಕೊಟ್ಟ.

ಪ್ರಶ್ನೆ: ಅವನು ಹಿಟ್ಲರ್ ಕೈಯಿಂದ ಪದಕ ತಗೊಂಡವನು. ಅಂಥವನ ಬಗ್ಗೆ ಮೆಚ್ಚಿಗೆಯಿಂದ ಬರಿಯೋದು ಸರಿನಾ ಸರ್?
(ಪದವಿ ವಿದ್ಯಾರ್ಥಿನಿ, ಶಿಡ್ಲಘಟ್ಟ)

ತಂಗಿ, ಕೇಳಿದ್ದು ಒಳ್ಳೇದಾಯ್ತು. ಅವನು ಮನುಷ್ಯತ್ವ ತೋರಿಸಿದ್ದುಂಟು. 1940ರ ಸೆಪ್ಟೆಂಬರಲ್ಲಿ ಬ್ಯಾರನ್ ಬ್ಲೈತ್ಸ್‌ವುಡ್ ಅಂತ ಕಬ್ಬಿಣದ ಅದಿರು ತುಂಬಿದ್ದ ಹಡಗಿಗೆ ಹೊಡೆದ, ಚಿಕ್ಕನಾಯಕನಹಳ್ಳಿ ಕಡೆ ಅದಿರು ಲಾರಿ ನೋಡಿರೋರಿಗೆ ಅದರ ತೂಕ ಗೊತ್ತು, ಒಂದು ನಿಮಿಷದೊಳಗೆ ಮುಳುಗಿಹೋಯ್ತು. ತೇಲ್ತಿದ್ದ ಒಬ್ಬನನ್ನ ಕ್ರೆಚ್ಮರ್ ಎತ್ತಿಕೊಂಡು, ಉಪಚಾರ ಮಾಡಿ, ತಾನೇ ಮುಳುಗಿಸಿದ್ದ ಇನ್ನೊಂದು ಹಡಗಿನ ಲೈಫ್‌ಬೋಟ್ ಹುಡುಕಿ ಅದರಲ್ಲಿ ಬಿಟ್ಟು ಬಂದ. ಎತ್ತಿಕೊಂಡವನು ಒಬ್ಬ, ಆ ಹಡಗಲ್ಲಿ ಸತ್ತವರು ಮೂವತ್ತಕ್ಕೂ ಹೆಚ್ಚು ಜನ. ಎರಡನ್ನೂ ಒಟ್ಟಿಗೇ ಹೇಳ್ಬೇಕು, ಒಂದನ್ನೇ ಹೇಳಿದ್ರೆ ಅದು ಸುಳ್ಳಿಗೆ ಹತ್ತಿರ.

ಆ ಹಡಗುಗಳಲ್ಲಿ ನಮ್ಮವರೂ ಇದ್ರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕೋದು, ಡೆಕ್ ತೊಳೆಯೋದು, ಅಡುಗೆ, ಇವೆಲ್ಲ ಮಾಡ್ತಿದ್ದವರಲ್ಲಿ ಭಾರತದ ನಾವಿಕರು ಬಹಳ, ಲಸ್ಕರ್ ಅಂತಿದ್ರು ಅವರನ್ನ. ಆ ಯುದ್ಧದಲ್ಲಿ ಆರು ಸಾವಿರಕ್ಕೂ ಹೆಚ್ಚು ಲಸ್ಕರರು ಸತ್ತರು. 1940ರ ಸೆಪ್ಟೆಂಬರ್ 17ರ ರಾತ್ರಿ ಸಿಟಿ ಆಫ್ ಬೆನಾರಸ್ ಅನ್ನೋ ಹಡಗನ್ನ ಯು-48 ಮುಳುಗಿಸ್ತು, ಅದು ಬೇರೆ ಕ್ಯಾಪ್ಟನ್, ಕ್ರೆಚ್ಮರ್ ಅಲ್ಲ. ಬಾಂಬಿನಿಂದ ತಪ್ಪಿಸೋಕೆ ಅಂತ ಕೆನಡಾಗೆ ಕಳಿಸ್ತಿದ್ದ 90 ಮಕ್ಕಳು ಅದರಲ್ಲಿದ್ರು, 77 ಮಕ್ಕಳು ಸತ್ತರು. ನಮ್ಮ ಲಸ್ಕರರು ನೂರರಷ್ಟು ಜನ ಸತ್ತರು. ಒಂದು ಲೈಫ್‌ಬೋಟ್ 46 ಜನರನ್ನ ಹೊತ್ತು ಎಂಟು ದಿನ ಅಟ್ಲಾಂಟಿಕ್ ಚಳಿಲಿ ತೇಲಿತು, ಅದರಲ್ಲಿ ಹೆಚ್ಚಿನವರು ಲಸ್ಕರರೇ, ಜೊತೆಗೆ ಆರು ಹುಡುಗರು. ಮಕ್ಕಳ ಕಥೆ ಪ್ರಪಂಚಕ್ಕೆಲ್ಲ ಗೊತ್ತಾಯ್ತು, ಲಸ್ಕರರ ಹೆಸರು ಗೊತ್ತಾಗಲಿಲ್ಲ. ನನಗೆ ಈ ವಿಷ್ಯದಲ್ಲಿ ಕೋಪ ಇದೆ, ಮುಚ್ಚಿಡಲ್ಲ.

ಸೆರೆ ಸಿಕ್ಕ ಮೇಲೂ ಒಂದು ಕಪ್ಪು ಅಧ್ಯಾಯ ಇದೆ. ಇಂಗ್ಲೆಂಡಿನ ಗ್ರೈಜ್‌ಡೇಲ್ ಹಾಲ್ ಅನ್ನೋ ಸೆರೆಮನೇಲಿ ಜರ್ಮನ್ ಕೈದಿಗಳಲ್ಲಿ ಹಿರಿಯ ಆಫೀಸರ್ ಇವನೇ. 1941ರ ಆಗಸ್ಟಲ್ಲಿ ಯು-570 ಅನ್ನೋ ಸಬ್‌ಮರೀನ್ ಶರಣಾಯ್ತು, ಅದರ ಆಫೀಸರ್‌ಗಳು ಅಲ್ಲಿಗೆ ಬಂದಾಗ ಕೈದಿಗಳೇ ಗುಟ್ಟಾಗಿ ಕೋರ್ಟ್ ನಡೆಸಿ ಹೇಡಿತನ ಅಂತ ಒಬ್ಬನ ಮೇಲೆ ತೀರ್ಪು ಕೊಟ್ರು. ಮಾನ ಉಳಿಸಿಕೊಳ್ಳೋಕೆ ಅವನು ಸೆರೆಮನೆಯಿಂದ ತಪ್ಪಿಸಿಕೊಂಡು ಹೋದ, ಕಾವಲಿನವರ ಗುಂಡಿಗೆ ಸತ್ತ. ಆಮೇಲೆ ಕ್ರೆಚ್ಮರನ್ನ ಕೆನಡಾದ ಬೌಮನ್‌ವಿಲ್ ಕ್ಯಾಂಪಿಗೆ ಕಳಿಸಿದ್ರು. 1943ರಲ್ಲಿ ಅವನನ್ನೂ ಇನ್ನು ಕೆಲವರನ್ನೂ ಸುರಂಗ ತೋಡಿ ಹೊರತಂದು ಸಮುದ್ರ ತೀರದಿಂದ ಸಬ್‌ಮರೀನಲ್ಲಿ ಕರ್ಕೊಂಡು ಹೋಗೋ ಪ್ಲಾನ್ ನಡೀತು, ಸುರಂಗ ಬಯಲಾಗಿ ಅದು ಆಗಲಿಲ್ಲ. 1947ರ ಡಿಸೆಂಬರಿಗೆ ಬಿಡುಗಡೆ, ಹೊಸ ಪಶ್ಚಿಮ ಜರ್ಮನಿಯ ನೇವಿ ಸೇರಿ ಅಡ್ಮಿರಲ್ ದರ್ಜೆಗೆ ಏರಿ 1970ರಲ್ಲಿ ರಿಟೈರ್, 1998ರ ಆಗಸ್ಟಲ್ಲಿ ಡ್ಯಾನ್ಯೂಬ್ ನದಿ ಪ್ರವಾಸದಲ್ಲಿ ದೋಣಿ ಮೇಲೆ ಆದ ಅಪಘಾತದಿಂದ ತೀರಿಕೊಂಡ, 86 ವರ್ಷ.

ಅವನ ಜೊತೆ ಯುದ್ಧಕ್ಕಿಳಿದ ಜರ್ಮನ್ ಸಬ್‌ಮರೀನಿನವರು ಸುಮಾರು 40 ಸಾವಿರ, ಅದರಲ್ಲಿ 30 ಸಾವಿರದ ಹತ್ತಿರ ಜನ ವಾಪಸ್ ಬರಲಿಲ್ಲ, ನಾಲ್ವರಲ್ಲಿ ಮೂವರು. ಅವನ ಕೌಶಲ ನಾನು ಬರೀತೀನಿ, ಯಾಕಂದ್ರೆ ಅದು ನಡೆದದ್ದು. ಮೆಚ್ಚಿಗೆ ನಾನು ಇಟ್ಕೊಂಡಿರೋದು ಆ ಹಡಗುಗಳ ಬಾಯ್ಲರ್ ಮುಂದೆ ನಿಂತಿದ್ದವರಿಗೆ, ತಂಗಿ.

ಪ್ರಶ್ನೆ: ನಮ್ಮ ದೇಶದ ಸಬ್‌ಮರೀನ್ ಯಾವುದಾದ್ರೂ ಯುದ್ಧ ಮಾಡಿದೆಯಾ?
(ಮಾಲೂರು)

1971ರ ಪಾಕಿಸ್ತಾನ ಯುದ್ಧದಲ್ಲಿ ನಮ್ಮ ಕರಂಜ್ ಸಬ್‌ಮರೀನ್ ಶತ್ರು ನೀರಿನಲ್ಲಿ ಗಸ್ತು ಮಾಡ್ತು, ಅದರ ಕ್ಯಾಪ್ಟನ್ ವಿ.ಎಸ್. ಶೇಖಾವತ್ ಅವರಿಗೆ ವೀರಚಕ್ರ ಬಂತು, ಮುಂದೆ ಅವರು ನೇವಿ ಮುಖ್ಯಸ್ಥರೇ ಆದ್ರು. ಆ ಕಡೆಯವರ ಗಾಜಿ ಸಬ್‌ಮರೀನ್ ವಿಶಾಖಪಟ್ಟಣದ ಹೊರಗೆ ಮುಳುಗಿ 93 ಜನ ಹೋದ್ರು. ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್, ಅಹ್ಮದ್ ತಸ್ನೀಮ್ ಅದರ ಕಮಾಂಡರ್, ನಮ್ಮ ಖುಕ್ರಿ ಹಡಗಿಗೆ ಟಾರ್ಪೆಡೊ ಹೊಡೀತು. ಕೆಲವೇ ನಿಮಿಷ. 18 ಆಫೀಸರ್, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಬೇರೆಯವರನ್ನ ಹೊರಗೆ ಕಳಿಸಿ ತಾವು ಹಡಗಿನ ಜೊತೆಗೇ ಹೋದ್ರು, ಮಹಾವೀರ ಚಕ್ರ ಅವರಿಗೆ. ನಾನು ನೇವಿ ಸೇರಿದಾಗ ಖುಕ್ರಿಲಿ ಗೆಳೆಯರನ್ನ ಕಳಕೊಂಡ ಸೀನಿಯರ್‌ಗಳು ಇನ್ನೂ ಸರ್ವೀಸಲ್ಲಿದ್ರು, ಡಿಸೆಂಬರ್ 9 ಬಂದ್ರೆ ಮೆಸ್ಸಲ್ಲಿ ಅವರ ಎದುರು ಯಾರೂ ಜೋರಾಗಿ ಮಾತಾಡ್ತಿರಲಿಲ್ಲ.

ಪ್ರಶ್ನೆ: ಅಂಕಲ್, ನಾನು ಸೆಕೆಂಡ್ ಪಿಯು ಸೈನ್ಸ್. ಸಬ್‌ಮರೀನ್ ಸೇರ್ಬೇಕು ಅಂತ ಆಸೆ. ಅಮ್ಮ ಬೇಡ ಅಂತಾಳೆ. ಏನ್ಮಾಡ್ಲಿ?
(ಪಾವಗಡ)

ಮಗು, ಮೊದಲು ಪಿಯು ಚೆನ್ನಾಗಿ ಮುಗಿಸು, ಮ್ಯಾಥ್ಸ್ ಫಿಸಿಕ್ಸ್ ಎರಡೂ ಬೇಕು. ಈಗ ನಾವಿಕರಾಗಿ ಸೇರೋದು ಅಗ್ನಿವೀರ್ ದಾರಿಲಿ, ಮೊದಲ ಟ್ರೈನಿಂಗ್ ಒಡಿಶಾದ ಚಿಲ್ಕಾದಲ್ಲಿ, ನಾನೂ ಅಲ್ಲೇ ಕಲ್ತಿದ್ದು. ಸಬ್‌ಮರೀನ್ ಕಲಿಸೋ ಸ್ಕೂಲು ವಿಶಾಖಪಟ್ಟಣದ ಸಾತವಾಹನದಲ್ಲಿದೆ. ಮುಳುಗಿದ ಸಬ್‌ಮರೀನಿಂದ ಜೀವ ಉಳಿಸಿಕೊಂಡು ಹೊರಬರೋದನ್ನೂ ಕಲಿಸ್ತಾರೆ, ಇದನ್ನ ಅಮ್ಮನಿಗೆ ಹೇಳು. ಶ್ರೋಡರ್ ಕಾಲದ ಡಬ್ಬಿ ಅಲ್ಲ ಈಗಿರೋದು, ಅದನ್ನೂ ಹೇಳು. ಆದ್ರೆ ಅಪಾಯ ಇಲ್ಲ ಅಂತ ಮಾತ್ರ ಹೇಳ್ಬೇಡ, ಅಮ್ಮನಿಗೆ ಸುಳ್ಳು ಹೇಳಿ ಹೋಗೋ ಕೆಲಸ ಅಲ್ಲ ಇದು.

ಆಗೋದಾದ್ರೆ ರಜೇಲಿ ಅಮ್ಮನ್ನ ಕರ್ಕೊಂಡೇ ವಿಶಾಖಪಟ್ಟಣಕ್ಕೆ ಹೋಗಿ ಬಾ. ಆರ್.ಕೆ. ಬೀಚಲ್ಲಿ ಕುರ್ಸುರಾ ಇದೆ. ಮುಂದಿನಿಂದ ಹಿಂದಿನ ತನಕ ನಡೆದು ನೋಡು, ತಲೆ ಬಗ್ಗಿಸಿ ಗುಂಡನೆ ಕಿಂಡಿ ದಾಟ್ಬೇಕು, ಮಲಗೋ ಜಾಗ ನಮ್ಮ ಬಸ್ ಸೀಟಿಗಿಂತ ಇಕ್ಕಟ್ಟು, ಅಮ್ಮನೂ ನೋಡ್ಲಿ. ಒಳಗೆ ವಿವರ ಹೇಳೋಕೆ ರಿಟೈರ್ ಆದ ನೇವಿಯವರು ಇರ್ತಾರೆ. ಟಾರ್ಪೆಡೊ ಹತ್ರ ಎಲ್ಲರೂ ನಿಂತು ಫೋಟೋ ತೆಗೀತಾರೆ, ನೀನು ಹಿಂದಕ್ಕೆ ಡೀಸೆಲ್ ಇಂಜಿನ್ ಹತ್ರ ಹೋಗಿ ನಿಲ್ಲು. ಅವರನ್ನ ಅಲ್ಲಿಗೆ ಕರೆದು, ಮುಳುಗೋ ಆರ್ಡರ್ ಬಂದಾಗ ಇಲ್ಲಿದ್ದವರು ಮೊದಲು ಯಾವ ವಾಲ್ವ್ ಮುಚ್ತಿದ್ರು, ಎಷ್ಟು ಸೆಕೆಂಡಲ್ಲಿ ಮುಚ್ತಿದ್ರು ಅಂತ ಕೇಳು.